ಹೆಲ್ಮೆಟ್ ಹಾಕಿಕೊಂಡು ಕೂತವಳು

ಪೆನ್ಸಿಲ್ವೇನಿಯಾದ ಒಂದು ಊರಿನಲ್ಲಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಗಳ ಸಾಫ್ಟ್‌ಬಾಲ್ ಪಂದ್ಯ. ನ್ಯೂಜೆರ್ಸಿಯ ನಮ್ಮ ಮನೆಯಿಂದ ಎರಡು ಗಂಟೆ ದಾರಿ. ಏಳಕ್ಕೇ ಅಲ್ಲಿರಬೇಕು. ನಾಲ್ಕಕ್ಕೆ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿದೆ. ಕಾರು ಹೈವೇ ಸೇರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಮಗಳಿಗೆ ಎರಡು ಜಡೆ ಹಾಕಿ ಮುಗಿಸಿದ್ದೆ. ಅವಳಿಗೆ ಹನ್ನೊಂದು ವರ್ಷ. ಜಡೆ ಬಿಗಿಯಾಗಿರಬೇಕು, ಇಲ್ಲದಿದ್ದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ.

ಪಂದ್ಯ ಶುರುವಾಯಿತು. ಒಂಬತ್ತು ಹುಡುಗಿಯರು ಮೈದಾನಕ್ಕೆ ಓಡಿದರು. ಐದು ಜನ ಡಗೌಟಿನಲ್ಲಿ, ಅಂದರೆ ಆಡದವರು ಕೂರುವ ಬೆಂಚಿನ ಜಾಗದಲ್ಲಿ ಉಳಿದರು. ನನ್ನ ಮಗಳು ಬೆಂಚಿನ ತುದಿಯಲ್ಲಿ ಬ್ಯಾಟಿಂಗ್ ಹೆಲ್ಮೆಟ್ ಹಾಕಿಕೊಂಡು ಕೂತಿದ್ದಳು. ನಮ್ಮ ತಂಡ ಫೀಲ್ಡಿಂಗ್ ಮಾಡುವಾಗಲೂ ತೆಗೆಯಲಿಲ್ಲ. ಜೂನ್ ತಿಂಗಳ ಸೆಕೆ. ಗಲ್ಲದ ಪಟ್ಟಿಯ ಕೆಳಗೆ ಬೆವರು ಇಳಿಯುವುದು ಬೇಲಿಯ ಆಚೆ ಕೂತ ನನಗೇ ಕಾಣುತ್ತಿತ್ತು.

ಅವಳು ಯಾಕೆ ತೆಗೆಯಲಿಲ್ಲ ಅಂತ ಗೊತ್ತಿತ್ತು. ಸಾಫ್ಟ್‌ಬಾಲಿನಲ್ಲಿ ಒಂದು ನಿಯಮ ಇದೆ. ಚೆಂಡು ಎಸೆಯುವ ಪಿಚರ್ ಅಥವಾ ಬ್ಯಾಟಿನ ಹಿಂದೆ ಕೂತು ಹಿಡಿಯುವ ಕ್ಯಾಚರ್ ಬ್ಯಾಟ್ ಮಾಡಿ ಬೇಸ್, ಅಂದರೆ ಓಡುವವರು ಮುಟ್ಟಬೇಕಾದ ಗುರುತು, ತಲುಪಿದರೆ, ಅವರ ಬದಲು ಆಟದಲ್ಲಿ ಇಲ್ಲದ ಹುಡುಗಿ ಓಡಬಹುದು. ಪಿಚರಿಗೆ ನೀರು ಕುಡಿಯಲು, ಕ್ಯಾಚರಿಗೆ ಮಂಡಿಯ ಗಾರ್ಡ್ ಕಟ್ಟಿಕೊಳ್ಳಲು ಸಮಯ ಸಿಗಲಿ ಅಂತ. ಕರ್ಟಸಿ ರನ್ನರ್ ಅಂತಾರೆ. ಭಾನುವಾರಗಳಲ್ಲಿ ನನ್ನ ಮಗಳ ಕೆಲಸ ಅದಾಗಿತ್ತು. ಕೋಚ್ ಕರೆದಾಗ ಹೆಲ್ಮೆಟ್ ಹುಡುಕುತ್ತಾ ನಿಲ್ಲಬಾರದು, ಅಷ್ಟೇ ಅವಳ ಲೆಕ್ಕ.

ಅವತ್ತು ಎರಡು ಸಲ ಕರೆದರು. ಒಮ್ಮೆ ಎರಡನೇ ಬೇಸಿನಲ್ಲಿ ಔಟಾದಳು. ಒಮ್ಮೆ ಹೋಮ್ ಅನ್ನುವ ಕೊನೆಯ ಬೇಸಿನವರೆಗೂ ಓಡಿ ಒಂದು ರನ್ ತಂದಳು. ಎರಡೂ ಸೇರಿ ಒಂದೆರಡು ನಿಮಿಷ ಇರಬಹುದು. ತಂಡ ಸೋತಿತು. ಭಾನುವಾರ ಸೋತರೆ ಅಲ್ಲಿಗೆ ಮುಗೀತು. ಒಂಬತ್ತೂವರೆಗೆ ನಾವು ಮತ್ತೆ ಕಾರಿನಲ್ಲಿದ್ದೆವು.

"ಅಮ್ಮಾ, ನಾನು ಸ್ಲೈಡ್ ಮಾಡಿದ್ದು ನೋಡಿದ್ಯಾ?"

"ನೋಡಿದೆ ಪುಟ್ಟಾ. ಚೆನ್ನಾಗಿತ್ತು."

ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಪ್ಯಾಂಟಿನ ಒಂದು ಮಂಡಿಗೆ ಮಾತ್ರ ಕೆಂಪು ಮಣ್ಣು ಹತ್ತಿತ್ತು.

ಟ್ರಾವೆಲ್ ಸಾಫ್ಟ್‌ಬಾಲ್ ಅಂದರೆ ಊರಿನಲ್ಲಿರುವ ನನ್ನ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಇದು ಶಾಲೆಯ ತಂಡವೂ ಅಲ್ಲ, ಬೀದಿಯ ಮಕ್ಕಳೆಲ್ಲ ಸೇರುವ ಊರಿನ ಲೀಗೂ ಅಲ್ಲ. ಕ್ಲಬ್ ತಂಡ. ಆಗಸ್ಟಿನಲ್ಲಿ ಟ್ರೈಔಟ್ ಇಟ್ಟು ಹುಡುಗಿಯರನ್ನು ಆರಿಸುತ್ತಾರೆ. ಆರಿಸಿದವರು ಒಂದು ವರ್ಷಕ್ಕೆ ದುಡ್ಡು ಕಟ್ಟಬೇಕು. ಅಕ್ಟೋಬರ್ ತನಕ ಟೂರ್ನಮೆಂಟುಗಳು. ಚಳಿಗಾಲ ಪೂರ್ತಿ ಒಳಾಂಗಣದಲ್ಲಿ ಅಭ್ಯಾಸ. ಏಪ್ರಿಲ್‌ನಿಂದ ಜುಲೈವರೆಗೆ ವಾರಾಂತ್ಯ ಬಂತು ಅಂದರೆ ಯಾವುದೋ ಊರಿನ ಮೈದಾನ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ನಾವು ಹೋಗಿ ಮೂರು ವರ್ಷ ಆಯಿತು.

ವಯಸ್ಸಿನ ಪ್ರಕಾರ ತಂಡಗಳಿವೆ. 10 ಯು, 12 ಯು, 14 ಯು ಅಂತ ಹದಿನೆಂಟರವರೆಗೆ. ಅಷ್ಟು ವರ್ಷದವರು, ಅದಕ್ಕಿಂತ ಚಿಕ್ಕವರು ಅಂತ ಅರ್ಥ. 12 ಯು ತಂಡದಲ್ಲಿ ಪಿಚರ್ 40 ಅಡಿ ದೂರದಿಂದ, ಕೈಯನ್ನು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಹತ್ತಿರದಿಂದ ಚೆಂಡು ಎಸೆಯುತ್ತಾಳೆ. ಹೆಸರಿನಲ್ಲಿ ಸಾಫ್ಟ್ ಇದೆ, ಚೆಂಡಿನಲ್ಲಿ ಇಲ್ಲ. ಶನಿವಾರ ಎರಡೋ ಮೂರೋ ಪೂಲ್, ಅಂದರೆ ಗುಂಪಿನ ಪಂದ್ಯಗಳು. ಭಾನುವಾರ ಬ್ರ್ಯಾಕೆಟ್, ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಮೂರು ಔಟಿಗೆ ಒಂದು ತಂಡದ ಸರದಿ ಮುಗಿಯುತ್ತದೆ, ಎರಡೂ ತಂಡದ ಸರದಿ ಸೇರಿ ಒಂದು ಇನ್ನಿಂಗ್ಸ್. ಪುಸ್ತಕದಲ್ಲಿ ಏಳು ಇನ್ನಿಂಗ್ಸ್ ಅಂತಿದ್ದರೂ ಟೂರ್ನಮೆಂಟಿನಲ್ಲಿ ಗಡಿಯಾರ ನೋಡಿ ಆಡಿಸುತ್ತಾರೆ. ಒಂದೂಕಾಲು ಗಂಟೆಯಲ್ಲಿ ನಾಲ್ಕೋ ಐದೋ ಇನ್ನಿಂಗ್ಸ್ ಆದರೆ ಹೆಚ್ಚು.

ಮೈದಾನದಲ್ಲಿ ನಿಲ್ಲುವುದು ಒಂಬತ್ತೇ ಜನ. ಈ ಬರಹ ಪೂರ್ತಿ ಆ ಒಂಬತ್ತರ ಬಗ್ಗೆ.

ಆ ವರ್ಷ ಟ್ರೈಔಟಿನ ದಿನ ಕೋಚ್ ಹೇಳಿದ್ದು ಹನ್ನೆರಡು ಜನ ಅಂತ. ಸೆಪ್ಟೆಂಬರಿನಲ್ಲಿ ಬೇರೆ ಒಂದು ತಂಡ ಒಡೆಯಿತು. ಅಲ್ಲಿನ ಒಬ್ಬ ಪಿಚರ್ ನಮ್ಮಲ್ಲಿಗೆ ಬಂದಳು. ಅವಳ ಜೊತೆ ಅವಳ ಗೆಳತಿಯೂ ಬಂದಳು. ಯಾರೂ ನಮಗೆ ಹೇಳಲಿಲ್ಲ. ಒಂದು ದಿನ ತಂಡದ ಆ್ಯಪ್ ತೆರೆದರೆ ಪಟ್ಟಿಯಲ್ಲಿ ಎರಡು ಹೊಸ ಹೆಸರು. ಅಷ್ಟರಲ್ಲಿ ನಾವೆಲ್ಲ ಮೊದಲ ಕಂತು ಕಟ್ಟಿ, ಸಮವಸ್ತ್ರ, ಬ್ಯಾಗು, ಹೆಲ್ಮೆಟ್ ತೆಗೆದುಕೊಂಡು ಆಗಿತ್ತು.

ಹನ್ನೆರಡು ಹದಿನಾಲ್ಕು ಆದರೆ ಏನು ಮಹಾ ಅಂತ ನನಗೂ ಮೊದಲು ಅನಿಸಿತ್ತು. ಹಂಚಿಕೊಂಡು ಆಡಿದರಾಯಿತು. ಆಮೇಲೆ ಒಂದು ಶನಿವಾರ ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ಕೂತು ಲೆಕ್ಕ ಹಾಕಿದೆ. ನಿಮ್ಮ ಮುಂದೆಯೂ ಇಡುತ್ತೇನೆ, ಯಾಕೆಂದರೆ ಹೆಚ್ಚಿನ ಅಪ್ಪ ಅಮ್ಮಂದಿರು ಈ ಲೆಕ್ಕ ಹಾಕುವ ಹೊತ್ತಿಗೆ ದುಡ್ಡು ಕಟ್ಟಿ ಆಗಿರುತ್ತದೆ.

ಒಂದು ಪಂದ್ಯ ಐದು ಇನ್ನಿಂಗ್ಸ್ ನಡೆಯಿತು ಅಂದುಕೊಳ್ಳಿ. ಒಂಬತ್ತು ಜಾಗ, ಐದು ಸಲ. ಅಂದರೆ ಫೀಲ್ಡಿಂಗಿಗೆ ಒಟ್ಟು 45 ಪಾಲು. ಹನ್ನೊಂದು ಜನ ಇದ್ದರೆ ತಲೆಗೆ ನಾಲ್ಕು ಇನ್ನಿಂಗ್ಸ್ ಸಿಗುತ್ತದೆ. ಹದಿನಾಲ್ಕು ಜನ ಇದ್ದರೆ ಮೂರು ಚಿಲ್ಲರೆ. ಹೀಗೆ ನೋಡಿದರೆ ವ್ಯತ್ಯಾಸ ಒಂದೇ ಇನ್ನಿಂಗ್ಸ್. ಆದರೆ ಯಾವ ತಂಡದಲ್ಲೂ ಪಾಲು ಹೀಗೆ ಸಮವಾಗಿ ಬೀಳುವುದಿಲ್ಲ. ಪಿಚರ್, ಕ್ಯಾಚರ್, ಶಾರ್ಟ್‌ಸ್ಟಾಪ್, ಫಸ್ಟ್ ಬೇಸ್, ಸೆಂಟರ್ ಫೀಲ್ಡ್, ಈ ಐದು ಜಾಗದವರನ್ನು ಕೋಚ್ ಸುಲಭವಾಗಿ ಹೊರಗೆ ತೆಗೆಯುವುದಿಲ್ಲ. ಅವರೇ 25 ಪಾಲು ತೆಗೆದುಕೊಂಡರು. ಉಳಿದದ್ದು 20. ಹನ್ನೊಂದು ಜನರ ತಂಡದಲ್ಲಿ ಅದನ್ನು ಆರು ಹುಡುಗಿಯರು ಹಂಚಿಕೊಳ್ಳುತ್ತಾರೆ, ತಲೆಗೆ ಮೂರಕ್ಕಿಂತ ಜಾಸ್ತಿ. ಹದಿನಾಲ್ಕು ಜನರ ತಂಡದಲ್ಲಿ ಒಂಬತ್ತು ಹುಡುಗಿಯರು ಹಂಚಿಕೊಳ್ಳಬೇಕು, ತಲೆಗೆ ಎರಡು ಚಿಲ್ಲರೆ.

ಭಾನುವಾರ ಇನ್ನೂ ಬಿಗಿ. ಗೆಲ್ಲಲೇಬೇಕು ಅಂದಾಗ ಏಳು ಜನ ಹೊರಗೆ ಬರುವುದೇ ಇಲ್ಲ. ಉಳಿಯುವುದು ಹತ್ತೇ ಪಾಲು. ಹನ್ನೊಂದರ ತಂಡದಲ್ಲಿ ನಾಲ್ವರಿಗೆ ತಲಾ ಎರಡೂವರೆ. ಹದಿನಾಲ್ಕರ ತಂಡದಲ್ಲಿ ಏಳು ಜನರಿಗೆ ತಲಾ ಒಂದೂವರೆಯೂ ಇಲ್ಲ. ಅದೂ ಕೋಚ್ ಕಾಗದ ಪೆನ್ನು ಹಿಡಿದು ಹಂಚಿದರೆ. ನಿಜದಲ್ಲಿ ಆ ಏಳರಲ್ಲಿ ಇಬ್ಬರು ಪೂರ್ತಿ ಆಡುತ್ತಾರೆ, ಐದು ಜನ ಪೂರ್ತಿ ಕೂರುತ್ತಾರೆ.

ಅಂದರೆ ಹೊಸದಾಗಿ ಬಂದ ಇಬ್ಬರ ಭಾರ ಹನ್ನೆರಡು ಜನರ ಮೇಲೆ ಬೀಳಲಿಲ್ಲ. ಕೊನೆಯ ನಾಲ್ಕೈದು ಜನರ ಮೇಲೆ ಬಿತ್ತು. ಶಾರ್ಟ್‌ಸ್ಟಾಪ್ ಹುಡುಗಿಯ ಮನೆಯವರಿಗೆ ತಂಡದಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಗೊತ್ತೇ ಆಗುವುದಿಲ್ಲ. ಅದು ಅವರ ತಪ್ಪಲ್ಲ. ಅವರ ಮಗಳ ಆಟ ಒಂದು ನಿಮಿಷವೂ ಕಡಿಮೆ ಆಗಿರುವುದಿಲ್ಲವಲ್ಲ.

ಬ್ಯಾಟಿಂಗ್ ಲೆಕ್ಕವೂ ಹೀಗೇ. ಶನಿವಾರದ ಪಂದ್ಯಗಳಲ್ಲಿ ತಂಡದ ಎಲ್ಲರನ್ನೂ ಸಾಲಾಗಿ ಬ್ಯಾಟ್ ಮಾಡಿಸುವ ಪದ್ಧತಿ ಇದೆ. ಒಳ್ಳೆಯ ಪದ್ಧತಿ. ಒಂದು ಪಂದ್ಯದಲ್ಲಿ 22 ಸರದಿ ಬಂತು ಅನ್ನಿ. ಹನ್ನೊಂದು ಜನ ಇದ್ದರೆ ಎಲ್ಲರಿಗೂ ಎರಡೆರಡು. ಹದಿನಾಲ್ಕು ಜನ ಇದ್ದರೆ ಎಂಟು ಜನರಿಗೆ ಎರಡು, ಆರು ಜನರಿಗೆ ಒಂದೇ. ಆ ಆರು ಜನ ಯಾರು ಅಂತ ಬ್ಯಾಟಿಂಗ್ ಸಾಲು ಬರೆಯುವಾಗಲೇ ಗೊತ್ತಿರುತ್ತದೆ. ವಾರವಿಡೀ ಗ್ಯಾರೇಜಿನಲ್ಲಿ ಬಲೆ ಕಟ್ಟಿ ಬ್ಯಾಟ್ ಬೀಸಿದ ಹುಡುಗಿ ಒಂದೂವರೆ ಗಂಟೆಯಲ್ಲಿ ಒಂದೇ ಸಲ ಬ್ಯಾಟ್ ಹಿಡಿದು ನಿಲ್ಲುತ್ತಾಳೆ. ಆ ಒಂದು ಸಲ ಔಟಾದರೆ ಅವತ್ತಿನ ಕಥೆ ಮುಗಿಯಿತು. ಎರಡನೇ ಸರದಿ ಅನ್ನುವುದು ಮಕ್ಕಳಿಗೆ ದೊಡ್ಡ ವಿಷಯ. ಮೊದಲ ಸಲ ಮಾಡಿದ ತಪ್ಪು ಇನ್ನೂ ಕೈಯಲ್ಲಿ ಬಿಸಿಯಾಗಿರುವಾಗಲೇ ತಿದ್ದಿಕೊಳ್ಳಲು ಸಿಗುವ ಅವಕಾಶ ಅದು.

ಹಾಗಾದರೆ ತಂಡಗಳು ಯಾಕೆ ಜನರನ್ನು ಸೇರಿಸುತ್ತಾ ಹೋಗುತ್ತವೆ? ಒಂದು ಕಾರಣ ದುಡ್ಡು. ಮೈದಾನದ ಬಾಡಿಗೆ, ಟೂರ್ನಮೆಂಟ್ ಫೀಸು, ಚಳಿಗಾಲದ ಒಳಾಂಗಣ, ವಿಮೆ, ಇವು ತಂಡದಲ್ಲಿ ಎಷ್ಟು ಜನ ಇದ್ದರೂ ಅಷ್ಟೇ ಇರುತ್ತವೆ. ಲೆಕ್ಕಕ್ಕೆ ವರ್ಷದ ಖರ್ಚು 24,000 ಡಾಲರ್ ಅಂತಿಟ್ಟುಕೊಳ್ಳಿ. ಹತ್ತು ಜನ ಇದ್ದರೆ ಮನೆಗೆ 2,400. ಹದಿನೈದು ಜನ ಇದ್ದರೆ 1,600. ಎಂಟುನೂರು ಡಾಲರ್ ಸಣ್ಣ ಮೊತ್ತ ಅಲ್ಲ. ಫೀಸು ಕಡಿಮೆ ಅಂತಲೇ ಕೆಲವರು ದೊಡ್ಡ ತಂಡ ಆರಿಸಿಕೊಳ್ಳುತ್ತಾರೆ. ನಾವೂ ಆ ವರ್ಷ ಫೀಸನ್ನು ನೋಡಿದ್ದೆವು, ಒಪ್ಪಿಕೊಳ್ಳುತ್ತೇನೆ. ಆದರೆ ಫೀಸು ಎಲ್ಲರಿಗೂ ಒಂದೇ. ಪೂರ್ತಿ ಆಡುವ ಹುಡುಗಿಯ ಮನೆಯವರೂ, ಹೆಲ್ಮೆಟ್ ಹಾಕಿಕೊಂಡು ಕೂರುವ ಹುಡುಗಿಯ ಮನೆಯವರೂ ಕಟ್ಟುವುದು ಅಷ್ಟನ್ನೇ. ಬಿಡಿಸಿ ಹೇಳುವುದಾದರೆ, ಬೆಂಚಿನಲ್ಲಿ ಕೂತವರ ದುಡ್ಡಿನಿಂದ ಮೈದಾನದಲ್ಲಿ ಇರುವವರ ಖರ್ಚು ಇಳಿಯುತ್ತಿದೆ.

ಇನ್ನೊಂದು ಕಾರಣ ಹೆದರಿಕೆ. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಹತ್ತೇ ಜನರ ತಂಡ ಅಂದುಕೊಳ್ಳಿ. ಒಬ್ಬಳಿಗೆ ಜ್ವರ, ಒಬ್ಬಳ ಚಿಕ್ಕಮ್ಮನ ಮದುವೆ. ಭಾನುವಾರ ಎಂಟೇ ಜನ. ಹಲವು ಟೂರ್ನಮೆಂಟುಗಳಲ್ಲಿ ಎಂಟು ಜನರಿಂದ ಆಡಲು ಬಿಟ್ಟರೂ ಒಂಬತ್ತನೆಯವಳ ಸರದಿ ಬಂದಾಗಲೆಲ್ಲ ಸುಮ್ನೆ ಒಂದು ಔಟ್ ಕೊಡುತ್ತಾರೆ. ಏಳಕ್ಕೆ ಇಳಿದರೆ ಆಟವೇ ಇಲ್ಲ. ಎರಡು ಗಂಟೆ ಕಾರು ಓಡಿಸಿಕೊಂಡು ಬಂದ ಉಳಿದ ಮನೆಗಳವರಿಗೆ ಕೋಚ್ ಏನಂತ ಹೇಳಬೇಕು? ನಮ್ಮ ಕೋಚ್‌ಗಳು ಹೆಚ್ಚಿನವರು ತಂಡದ ಹುಡುಗಿಯರ ಅಪ್ಪಂದಿರೇ. ವಾರದ ಐದು ದಿನ ಬೇರೆ ಕೆಲಸ ಮಾಡಿ, ಸಂಜೆ ಬಂದು ಮೈದಾನಕ್ಕೆ ಗೆರೆ ಎಳೆಯುತ್ತಾರೆ. ಅವರ ತಲೆಬಿಸಿ ನನಗೆ ಅರ್ಥವಾಗುತ್ತದೆ.

ಅದರ ಮೇಲೆ ಪಿಚರ್‌ಗಳ ಪ್ರಶ್ನೆ. ಒಂದು ವಾರಾಂತ್ಯದಲ್ಲಿ ಐದು ಪಂದ್ಯ ಆದರೆ ಹನ್ನೆರಡು ವರ್ಷದ ಒಬ್ಬಳೇ ಹುಡುಗಿ ಎಲ್ಲವನ್ನೂ ಎಸೆಯುವುದು ಸರಿಯಲ್ಲ. ಕೆಳಗಿನಿಂದ ಎಸೆದರೆ ಭುಜಕ್ಕೆ ಏನೂ ಆಗುವುದಿಲ್ಲ ಅನ್ನುವ ಮಾತು ಮೈದಾನದಲ್ಲಿ ಓಡಾಡುತ್ತದೆ. ನಾನು ನಂಬುವುದಿಲ್ಲ. ಭಾನುವಾರ ಮಧ್ಯಾಹ್ನ ಆ ಮಕ್ಕಳು ಭುಜಕ್ಕೆ ಐಸ್ ಕಟ್ಟಿಕೊಂಡು ಕಾರು ಹತ್ತುವುದನ್ನು ನೋಡಿದ್ದೇನೆ. ಹಾಗಾಗಿ ಮೂರು ಪಿಚರ್ ಬೇಕು. ಆದರೆ ಆ ಮೂವರ ಮನೆಯವರೂ ವಾರ ವಾರ ಬೇರೆ ದುಡ್ಡು ಕೊಟ್ಟು ಪಿಚಿಂಗ್ ಪಾಠ ಹೇಳಿಸುತ್ತಿರುತ್ತಾರೆ. ಎಸೆಯದಿದ್ದಾಗ ಅವರನ್ನು ಬೆಂಚಿಗೆ ಕಳಿಸಿದರೆ ಅವರು ಬೇರೆ ತಂಡಕ್ಕೆ ಹೋಗುತ್ತಾರೆ. ಆದ್ದರಿಂದ ಅವರಿಗೆ ಇನ್ನೊಂದು ಜಾಗ ಕೊಡಬೇಕು. ಆ ಜಾಗದಲ್ಲಿ ಇದ್ದವಳು ಎಲ್ಲಿಗೆ ಹೋಗಬೇಕು? ನನ್ನ ಮಗಳು ರೈಟ್ ಫೀಲ್ಡಿನಲ್ಲಿ ಇದ್ದಳು. ಹದಿನಾಲ್ಕನೆಯವಳು ಬಂದ ಮೇಲೆ ನಡೆದದ್ದು ಅದೇ.

ಬೆಂಚು ನನಗೆ ಹೊಸದಲ್ಲ. ಹಾಸನ ಜಿಲ್ಲೆಯ ನಮ್ಮ ಹೈಸ್ಕೂಲಿನಲ್ಲಿ ನಾನು ಖೋ ಖೋ ತಂಡದಲ್ಲಿದ್ದೆ. ಆಗ ಖೋ ಖೋದಲ್ಲೂ ಆಡುತ್ತಿದ್ದದ್ದು ಒಂಬತ್ತೇ ಜನ, ಪಟ್ಟಿಯಲ್ಲಿ ಹನ್ನೆರಡು. ಎಂಟು ಜನ ಸಾಲಿನಲ್ಲಿ ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ, ಒಬ್ಬಳು ಅಟ್ಟಿಸಿಕೊಂಡು ಓಡುತ್ತಾಳೆ. ನಾನು ಹನ್ನೊಂದನೆಯವಳು. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೋದಾಗ ಒಂಬತ್ತು ಜನರ ಚಪ್ಪಲಿ, ವಾಚು, ಬಳೆ ಎಲ್ಲ ನನ್ನ ಮಡಿಲಲ್ಲಿ. ಗ್ಲೂಕೋಸ್ ಪುಡಿ ನೀರಿಗೆ ಕಲಸುವುದೂ ನಾನೇ. ಒಂದು ಪಂದ್ಯದಲ್ಲಿ ಒಬ್ಬಳ ಕಾಲು ಉಳುಕಿತು. ಪಿ.ಟಿ. ಮೇಷ್ಟ್ರು ನನ್ನ ಕಡೆ ನೋಡಿದರು. ಚಪ್ಪಲಿಗಳನ್ನೆಲ್ಲ ಅಲ್ಲೇ ಸುರಿದು ಓಡಿದ್ದೆ. ಸಾಲಿನಲ್ಲಿ ಕೂತು, ಬೆನ್ನ ಹಿಂದೆ "ಖೋ" ಕೇಳಲಿ ಅಂತ ಕಿವಿ ಚುರುಕು ಮಾಡಿಕೊಂಡ ಆ ಕ್ಷಣ ಈಗಲೂ ನೆನಪಿದೆ. ಅಲ್ಲೂ ಕೂರುವುದೇ, ಆದರೆ ಅದು ಆಟದ ಒಳಗಿನ ಕೂರುವಿಕೆ. ಮೈಯೆಲ್ಲ ಓಡಲು ತಯಾರಾಗಿರುತ್ತದೆ.

ಆಗ ನನಗೆ ಬೇಜಾರಾಗಿರಲಿಲ್ಲ ಅಂತಲ್ಲ. ಆದರೆ ಹನ್ನೆರಡು ಅನ್ನುವುದು ಆಟದ್ದೇ ಸಂಖ್ಯೆಯಾಗಿತ್ತು. ಅದನ್ನು ಯಾರೋ ಸೆಪ್ಟೆಂಬರಿನಲ್ಲಿ ಹದಿನಾಲ್ಕು ಮಾಡಲು ಸಾಧ್ಯವಿರಲಿಲ್ಲ. ನಮ್ಮಪ್ಪ ನನ್ನ ಜಾಗಕ್ಕೆ ದುಡ್ಡು ಕಟ್ಟಿರಲಿಲ್ಲ. ಬಸ್ ಚಾರ್ಜು ಶಾಲೆಯದ್ದು. ನಾನು ಹನ್ನೊಂದನೆಯವಳು ಅಂತ ಮೇಷ್ಟ್ರು ಮೊದಲ ದಿನವೇ ಎಲ್ಲರ ಮುಂದೆ ಹೇಳಿದ್ದರು. ಹೇಳಿದ್ದರಲ್ಲ, ಅದೇ ದೊಡ್ಡದು.

ಈ ವರ್ಷಗಳಲ್ಲಿ ನಾನು ಇಲ್ಲಿನ ಆಟದ ಹಳೆಯ ಕಥೆಗಳನ್ನೂ ಓದಿಕೊಂಡೆ. ನಾವಿರುವ ನ್ಯೂಜೆರ್ಸಿಯಲ್ಲೇ ಒಂದು ದೊಡ್ಡ ಜಗಳ ನಡೆದಿತ್ತು. 1972ರಲ್ಲಿ ಹೊಬೊಕೆನ್ ಊರಿನ ಮಾರಿಯಾ ಪೆಪೆ ಅನ್ನುವ ಹುಡುಗಿ ಲಿಟಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್ ಸಂಸ್ಥೆಯ ತಂಡ ಸೇರಿದಳು. ಮೂರು ಪಂದ್ಯ ಆಡಿದಳು. ಹುಡುಗಿಯನ್ನು ಆಡಿಸಿದರೆ ನಿಮ್ಮ ಊರಿನ ಲೀಗಿನ ಮಾನ್ಯತೆ ತೆಗೆಯುತ್ತೇವೆ ಅಂತ ಮೇಲಿನವರು ಹೇಳಿದರು. ಅವಳು ತಂಡ ಬಿಡಬೇಕಾಯಿತು. ನ್ಯಾಷನಲ್ ಆರ್ಗನೈಸೇಶನ್ ಫಾರ್ ವಿಮೆನ್ ಅನ್ನುವ ಮಹಿಳಾ ಸಂಘಟನೆ ಅವಳ ಪರವಾಗಿ ಹೋರಾಡಿತು. 1973ರಲ್ಲಿ ರಾಜ್ಯದ ನಾಗರಿಕ ಹಕ್ಕುಗಳ ವಿಭಾಗದ ಸಿಲ್ವಿಯಾ ಪ್ರೆಸ್ಲರ್ ಹುಡುಗಿಯರ ಪರ ತೀರ್ಪು ಕೊಟ್ಟರು. 1974ರಲ್ಲಿ ಲಿಟಲ್ ಲೀಗ್ ಹುಡುಗಿಯರಿಗೆ ಬಾಗಿಲು ತೆರೆಯಿತು. ಅದೇ ವರ್ಷ ಹುಡುಗಿಯರಿಗಾಗಿ ಸಾಫ್ಟ್‌ಬಾಲನ್ನೂ ಶುರು ಮಾಡಿತು. ಅಷ್ಟರಲ್ಲಿ ಮಾರಿಯಾಳ ವಯಸ್ಸು ಮೀರಿಹೋಗಿತ್ತು. ಮೂರೇ ಪಂದ್ಯ. ಆ ಮೂರು ಅನ್ನುವ ಸಂಖ್ಯೆ ನನ್ನನ್ನು ತುಂಬಾ ದಿನ ಕಾಡಿತು. ಮಕ್ಕಳ ಆಟಕ್ಕೆ ವಯಸ್ಸು ಅನ್ನುವುದೊಂದಿದೆ. ಆಮೇಲೆ ಕೊಡುತ್ತೇವೆ ಅಂದರೆ ಆಗುವುದಿಲ್ಲ.

ಅದೇ ಲಿಟಲ್ ಲೀಗಿನಲ್ಲಿ ಇವತ್ತು ಒಂದು ನಿಯಮ ಇದೆ. ಪ್ರತಿ ಮಗುವೂ ಒಂದು ಪಂದ್ಯದಲ್ಲಿ ಕನಿಷ್ಠ ಆರು ಔಟ್ ಆಗುವವರೆಗೆ ಫೀಲ್ಡಿಂಗ್ ಮಾಡಬೇಕು, ಒಮ್ಮೆಯಾದರೂ ಬ್ಯಾಟ್ ಮಾಡಬೇಕು. ಆರು ಔಟ್ ಅಂದರೆ ಎರಡು ಇನ್ನಿಂಗ್ಸ್. ಟ್ರಾವೆಲ್ ತಂಡಗಳು ಹೀಗೆ ಮಾತು ಕೊಡುವುದು ಅಪರೂಪ. ಆಟದ ಸಮಯ ಗಳಿಸಿಕೊಳ್ಳಬೇಕು ಅನ್ನುತ್ತಾರೆ. ಮಗಳಿಗೂ ಅದು ಗೊತ್ತು, ನಮಗೂ ಗೊತ್ತು, ಅದಕ್ಕೇ ಊರಿನ ಲೀಗ್ ಬಿಟ್ಟು ಇಲ್ಲಿಗೆ ಬಂದಿದ್ದೆವು. ಆದರೆ ಗಳಿಸಿಕೊಳ್ಳಲು ಏನು ಮಾಡಬೇಕು ಅಂತ ಯಾರಾದರೂ ಹೇಳಬೇಕಲ್ವಾ?

ಪಂದ್ಯ ಮುಗಿದು 24 ಗಂಟೆ ಕಳೆಯುವವರೆಗೆ ಅಪ್ಪ ಅಮ್ಮ ಕೋಚ್ ಹತ್ತಿರ ದೂರು ಹೇಳಬಾರದು ಅನ್ನುವ ಕಟ್ಟಳೆ ನಮ್ಮ ತಂಡದಲ್ಲಿತ್ತು. ಆಟದ ಸಮಯದ ಬಗ್ಗೆ ಮಗುವೇ ಕೇಳಬೇಕು ಅಂತಲೂ ಇತ್ತು. ಎರಡೂ ಒಳ್ಳೆಯವೇ. ಹನ್ನೊಂದು ವರ್ಷದ ನನ್ನ ಮಗಳು ಮೂರು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿ ಹೋಗಿ ಕೇಳಿದಳು. "ಭಾನುವಾರ ಆಡಬೇಕಾದರೆ ನಾನು ಯಾವುದನ್ನು ಸುಧಾರಿಸಿಕೊಳ್ಳಬೇಕು?" ಅಷ್ಟೇ ಪ್ರಶ್ನೆ. "ನೀನು ಚೆನ್ನಾಗಿ ಆಡುತ್ತಿದ್ದೀಯ, ಹೀಗೇ ಮುಂದುವರಿಸು" ಅಂದರಂತೆ. ಕಾರಿಗೆ ಬಂದು ಕೂತು ನನ್ನನ್ನು ಕೇಳಿದಳು, "ಹೀಗೇ ಅಂದರೆ ಹೇಗೆ ಅಮ್ಮಾ? ಕೂತುಕೊಂಡೇ?"

ನನ್ನ ಬಳಿ ಉತ್ತರ ಇರಲಿಲ್ಲ. ಆ ವರ್ಷ ನನಗೆ ಅತಿ ಜಾಸ್ತಿ ಸಿಟ್ಟು ಬಂದದ್ದು ಆ ಸಂಜೆ. ಕೋಚ್ ಕೆಟ್ಟವರಲ್ಲ, ಮಗುವಿನ ಮನಸ್ಸು ನೋಯಿಸಬಾರದು ಅಂತಲೇ ಹಾಗೆ ಹೇಳಿರುತ್ತಾರೆ. ಆದರೆ ನಿನ್ನ ಕೈಯಿಂದ ಚೆಂಡು ಎರಡನೇ ಬೇಸಿಗೆ ನೇರವಾಗಿ ತಲುಪುತ್ತಿಲ್ಲ ಅಂದಿದ್ದರೆ ಅವಳು ಮಾರನೇ ದಿನದಿಂದ ನೂರು ಸಲ ಎಸೆಯುತ್ತಿದ್ದಳು. ಸಿಹಿ ಮಾತಿನಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಊರಿನಿಂದ ನನ್ನ ಅಮ್ಮ ಗೇಮ್‌ಚೇಂಜರ್ ಆ್ಯಪ್ ತೆರೆದುಕೊಂಡು ಕೂರುತ್ತಿದ್ದರು. ಇಲ್ಲಿ ಬೆಳಿಗ್ಗೆ ಹತ್ತು ಅಂದರೆ ಅಲ್ಲಿ ಸಂಜೆ ಏಳೂವರೆ. ಆಟದ ಪ್ರತಿ ಚೆಂಡೂ ಫೋನಿನಲ್ಲಿ ಬರುತ್ತದೆ. ಅವರಿಗೆ ಸಾಫ್ಟ್‌ಬಾಲಿನ ತಲೆಬುಡ ಗೊತ್ತಿಲ್ಲ, ಮೊಮ್ಮಗಳ ಹೆಸರು ಬಂತಾ ಅಂತ ನೋಡುತ್ತಾರೆ. "ಏನೇ, ಮಗು ಇವತ್ತು ಆಡ್ಲಿಲ್ವೇನೇ? ಹುಷಾರಿಲ್ವಾ?" ಅಂತ ಫೋನ್. ಹುಷಾರಾಗಿದ್ದಾಳೆ ಅಮ್ಮಾ ಅಂದರೆ, "ಮತ್ಯಾಕೆ ಅಷ್ಟು ದೂರ ಕರ್ಕೊಂಡು ಹೋಗಿದ್ರಿ?" ಆ ಪ್ರಶ್ನೆಗೂ ನನ್ನ ಬಳಿ ಉತ್ತರ ಇರಲಿಲ್ಲ.

ಒಂದು ವಿಷಯ ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ಮೇ ತಿಂಗಳಲ್ಲಿ ಅಭ್ಯಾಸದ ವೇಳೆ ನಮ್ಮ ಲೆಫ್ಟ್ ಫೀಲ್ಡ್ ಹುಡುಗಿಯ ಬೆರಳು ಮುರಿಯಿತು. ಸುದ್ದಿ ಬಂದ ತಕ್ಷಣ ನನ್ನ ಮನಸ್ಸಿಗೆ ಮೊದಲು ಬಂದದ್ದು, ಈ ವಾರ ನಮ್ಮವಳು ಆಡುತ್ತಾಳೆ ಅಂತ. ಆ ಹುಡುಗಿ ನಮ್ಮ ಮನೆಗೆ ಬಂದು ದೋಸೆ ತಿಂದು ಹೋದ ಮಗು. ಅವಳ ನೋವು ನನಗೆ ಎರಡನೆಯದಾಗಿ ಹೊಳೆಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಗಂಡನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಹಾಗೇ ಅನಿಸ್ತು" ಅಂದರು. ಜಾಗ ಕಡಿಮೆ, ಜನ ಜಾಸ್ತಿ ಆದಾಗ ದೊಡ್ಡವರ ಒಳಗೆ ಇದು ಹುಟ್ಟುತ್ತದೆ. ಬೇಲಿಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತ ಎಲ್ಲರೂ ಎಲ್ಲರ ಮಕ್ಕಳಿಗೂ ಚಪ್ಪಾಳೆ ತಟ್ಟುತ್ತೇವೆ. ಒಳಗೊಳಗೆ ಎಣಿಸುತ್ತಿರುತ್ತೇವೆ.

ನನ್ನ ಅಭಿಪ್ರಾಯ ಇಷ್ಟು. 12 ಯು ತಂಡಕ್ಕೆ ಹನ್ನೊಂದು ಜನ ಸರಿ. ಹನ್ನೆರಡು ಕೊನೆ. ಇಬ್ಬರು ಬರದಿದ್ದರೂ ಆಟ ನಡೆಯುತ್ತದೆ, ಎಲ್ಲರೂ ಬಂದರೂ ಇಬ್ಬರು ಮೂವರಷ್ಟೇ ಕೂರುತ್ತಾರೆ, ಅವರೂ ಸರದಿಯಲ್ಲಿ. ಇನ್ನೂ ಕಡಿಮೆ ಬಿದ್ದ ದಿನ ಬೇರೆ ತಂಡದ ಹುಡುಗಿಯನ್ನು ಆ ಒಂದು ವಾರಾಂತ್ಯಕ್ಕೆ ಕರೆಸಿಕೊಳ್ಳುವ ದಾರಿ ಹಲವು ಟೂರ್ನಮೆಂಟುಗಳಲ್ಲಿ ಇದೆ. ವರ್ಷಕ್ಕೆ ಎರಡು ಸಲ ಬರಬಹುದಾದ ಕಷ್ಟಕ್ಕೆ ಹೆದರಿ ವರ್ಷಪೂರ್ತಿ ಇಬ್ಬರು ಮಕ್ಕಳನ್ನು ಕೂರಿಸುವುದು ಬೇಡ.

ಆಟದ ನಿಯಮಗಳೂ ಕೋಚ್‌ಗಳ ಕೈ ಕಟ್ಟಿಲ್ಲ. ಸಾಫ್ಟ್‌ಬಾಲಿನಲ್ಲಿ ಮೊದಲು ಆಡಲು ಇಳಿದ ಹುಡುಗಿಯನ್ನು ಹೊರಗೆ ಕರೆದು, ಮತ್ತೊಮ್ಮೆ ಅದೇ ಬ್ಯಾಟಿಂಗ್ ಜಾಗಕ್ಕೆ ವಾಪಸ್ ಕಳಿಸಬಹುದು. ಕ್ರಿಕೆಟ್ ನೋಡಿ ಬೆಳೆದ ನನಗೆ ಇದು ದೊಡ್ಡ ಆಶ್ಚರ್ಯ. ಅಂದರೆ ಮೂರನೇ ಇನ್ನಿಂಗ್ಸಿನಲ್ಲಿ ಬೆಂಚಿನ ಹುಡುಗಿಯನ್ನು ಇಳಿಸಿ, ಐದನೇ ಇನ್ನಿಂಗ್ಸಿಗೆ ಬೇಕಾದರೆ ಮೊದಲಿನವಳನ್ನೇ ಕರೆಸಿಕೊಳ್ಳಬಹುದು. ತಂಡ ಏನನ್ನೂ ಕಳೆದುಕೊಳ್ಳುವುದಿಲ್ಲ. ಎಂಟು ರನ್ನಿನ ಮುನ್ನಡೆ ಇದ್ದಾಗಲೂ ಇದನ್ನು ಮಾಡದ ಕೋಚ್‌ಗಳನ್ನು ನೋಡಿದ್ದೇನೆ. ಅದಕ್ಕೆ ನನ್ನ ಬಳಿ ಸಮಾಧಾನ ಇಲ್ಲ.

ದೊಡ್ಡ ಹುಡುಗಿಯರ ಮಾತು ಬೇರೆ. 16 ಯು, 18 ಯು ತಂಡಗಳು ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳಲೆಂದೇ ಆಡುತ್ತವೆ. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ನಿಯಮದ ಪ್ರಕಾರ, ದೊಡ್ಡ ಕಾಲೇಜುಗಳ ಕೋಚ್‌ಗಳು ಹುಡುಗಿಯ ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ಅವಳ ಜೊತೆ ಮಾತಾಡುವಂತಿಲ್ಲ. ಆ ವಯಸ್ಸಿನಲ್ಲಿ ಬರೀ ಪಿಚ್ ಮಾಡಲು ಬರುವವರು, ಬರೀ ಬ್ಯಾಟ್ ಮಾಡುವವರು ಇರುತ್ತಾರೆ. ತಂಡ ದೊಡ್ಡದಾಗುತ್ತದೆ. ಕಾಲೇಜಿನಲ್ಲಂತೂ ಇನ್ನೂ ದೊಡ್ಡದು. ಕಾಲೇಜು ಆಟಗಾರರಿಗೆ ದುಡ್ಡು ಕೊಡುವ ಬಗ್ಗೆ ಆದ 2025ರ ಕೋರ್ಟ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಒಂದು ಸಾಫ್ಟ್‌ಬಾಲ್ ತಂಡಕ್ಕೆ 25 ಜನರ ಮಿತಿ. ಜಾಗ ಅಲ್ಲೂ ಒಂಬತ್ತೇ. ಬೆಂಚಿನ ಮೇಲೆ ಕೂರುವುದನ್ನು ಕಲಿಯಲಿ, ಮುಂದೆ ಬೇಕಾಗುತ್ತದೆ ಅಂತ ಕೆಲವರು ಇದನ್ನೇ ತೋರಿಸುತ್ತಾರೆ. ಹನ್ನೊಂದು ವರ್ಷದ ಮಗು ಅದನ್ನು ಈಗಲೇ ಕಲಿಯಬೇಕಾಗಿಲ್ಲ. ಈಗ ಅವಳು ಕಲಿಯಬೇಕಾದದ್ದು ಎತ್ತರಕ್ಕೆ ಹೋದ ಚೆಂಡಿನ ಕೆಳಗೆ ಕಾಲು ಹೇಗೆ ಇಡುವುದು ಅಂತ. ಅದನ್ನು ಬೆಂಚಿನ ಮೇಲೆ ಕೂತು ಕಲಿಯಲು ಆಗುವುದಿಲ್ಲ.

ಆ ಜುಲೈ ಕೊನೆಯಲ್ಲಿ ನಾವು ತಂಡ ಬಿಟ್ಟೆವು. ಮಗಳನ್ನು ಕೇಳಿಯೇ ಬಿಟ್ಟೆವು. ಅವಳು ಎರಡು ದಿನ ಅತ್ತಳು, ಗೆಳತಿಯರಿದ್ದರು. ಆಗಸ್ಟಿನಲ್ಲಿ ಮೂರು ಟ್ರೈಔಟಿಗೆ ಹೋದೆವು. ಈ ಸಲ ನಾನು ಒಂದು ಕಾಗದದಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಎಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ? ಮಧ್ಯದಲ್ಲಿ ಸೇರಿಸುತ್ತೀರಾ? ಸೇರಿಸಿದರೆ ನಮಗೆ ಮೊದಲು ಹೇಳುತ್ತೀರಾ? ಶನಿವಾರ ಹೇಗೆ ಆಡಿಸುತ್ತೀರಿ, ಭಾನುವಾರ ಹೇಗೆ? ನನ್ನ ಮಗಳನ್ನು ಯಾವ ಜಾಗಕ್ಕೆ ಅಂದುಕೊಂಡಿದ್ದೀರಿ, ಅದೇ ಜಾಗಕ್ಕೆ ಇನ್ನು ಎಷ್ಟು ಜನ ಇದ್ದಾರೆ? ಒಬ್ಬ ಕೋಚ್ ಮುಖ ಸಿಂಡರಿಸಿದರು. ಒಬ್ಬರು "ನೋಡೋಣ" ಅಂದರು. ಮೂರನೆಯವರು ಒಬ್ಬ ಹೆಂಗಸು, ಕಾಲೇಜಿನಲ್ಲಿ ಕ್ಯಾಚರ್ ಆಗಿದ್ದವರು. "ಹನ್ನೊಂದು. ಒಳ್ಳೆಯ ಕ್ಯಾಚರ್ ಸಿಕ್ಕರೆ ಮಾತ್ರ ಹನ್ನೆರಡು. ನಿಮ್ಮ ಮಗಳು ಔಟ್‌ಫೀಲ್ಡ್. ಮೂರು ಜಾಗಕ್ಕೆ ನಾಲ್ಕು ಜನ, ಇವಳು ನಾಲ್ಕನೆಯವಳು. ಕೈ ಬಲ ಬರಬೇಕು" ಅಂದರು. ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಕಾರಿನಲ್ಲಿ, "ಇವರ ತಂಡಾನೇ ಬೇಕು" ಅಂದಳು. ಅಲ್ಲಿ ಫೀಸು ಹಿಂದಿನದಕ್ಕಿಂತ ಜಾಸ್ತಿ. ಆ ಬೇಸಿಗೆ ಊರಿಗೆ ಹೋಗುವುದನ್ನು ಮುಂದಕ್ಕೆ ಹಾಕಿದೆವು.

ಜನವರಿಯಲ್ಲಿ ಒಂದು ಸಂಜೆ, ಶಾಲೆಯೊಂದರ ಜಿಮ್ಮಿನಲ್ಲಿ ಅಭ್ಯಾಸ. ಹೊರಗೆ ಹಿಮ. ಬಾಗಿಲು ತೆರೆದು ಒಬ್ಬ ಹುಡುಗಿ ಕ್ಯಾಚರ್ ಸಾಮಾನಿನ ದೊಡ್ಡ ಬ್ಯಾಗು ಎಳೆದುಕೊಂಡು ಒಳಗೆ ಬಂದಳು, ಹಿಂದೆ ಅವಳ ಅಮ್ಮ. ಕೋಚ್ ನಮಗೆ ಒಂದು ವಾರ ಮುಂಚೆಯೇ ಬರೆದು ತಿಳಿಸಿದ್ದರು. ಹಾಗಿದ್ದರೂ ನನ್ನ ಹೊಟ್ಟೆಯೊಳಗೆ ಹಳೆಯ ಲೆಕ್ಕ ಶುರುವಾಯಿತು. ಇವಳು ಕ್ಯಾಚ್ ಮಾಡದ ದಿನ ಎಲ್ಲಿ ನಿಲ್ಲುತ್ತಾಳೆ? ಔಟ್‌ಫೀಲ್ಡಿನಲ್ಲಾ?

ಆ ಅಮ್ಮ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ಕೈಗವಸು ತೆಗೆದು, ಸ್ವಲ್ಪ ಹೊತ್ತು ಮಕ್ಕಳನ್ನೇ ನೋಡಿದರು. ಅವರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು.

"ನಿಮ್ಮ ಮಗಳೂ ಸೇರಿ ಹನ್ನೆರಡು" ಅಂದೆ. "ಕ್ಯಾಚರ್ ಇನ್ನೊಬ್ಬಳು ಇದ್ದಾಳೆ. ಭಾನುವಾರ ಹೇಗೆ ಆಡಿಸುತ್ತಾರೆ ಅಂತ ಇವತ್ತೇ ಕೋಚನ್ನು ಕೇಳಿ. ಇವರು ಹೇಳುತ್ತಾರೆ."